ತಂತ್ರಾಂಶ ಕಾಯೋರು ಬೇಕಾಗಿದ್ದಾರೆ

'ದೇ' ಅನ್ನೋ ಅಕ್ಷರ ನೋಡ್ರಿ. ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನ ಹೊಟ್ಟೆಯೊಳಗೆ ಮಾತ್ರ ಇದನ್ನ ಎರಡು ಥರ ಇಡಬಹುದು. 'ದ' ಬರೆದು ಅದಕ್ಕೆ ಏತ್ವದ ಒಂದೇ ಚಿಹ್ನೆ ಹಚ್ಚೋದು ಒಂದು ಥರ. ಮೊದಲು ಎತ್ವ ಹಚ್ಚಿ, ಆಮೇಲೆ ದೀರ್ಘದ ಗುರುತನ್ನ ಬೇರೆಯಾಗಿ ಅಂಟಿಸೋದು ಇನ್ನೊಂದು ಥರ. ಸ್ಕ್ರೀನ್ ಮೇಲೆ ಎರಡೂ ತದ್ರೂಪ. ಆದರೆ ಸರಳವಾಗಿ ಬರೆದ ಒಂದು ಹುಡುಕಾಟದ ಪ್ರೋಗ್ರಾಮಿಗೆ ಇವು ಬೇರೆ ಬೇರೆ ಪದಗಳು.

ಈಗ 'ಕೂಡಲಸಂಗಮದೇವ' ಅಂತ ಟೈಪ್ ಮಾಡಿ. ಬಸವಣ್ಣನವರ ಅಂಕಿತ. ಅದರೊಳಗೂ ಒಂದು 'ದೇ' ಕೂತಿದೆ. ವಚನಗಳ ಒಂದು ಹಳೇ ಫೈಲಿನಲ್ಲಿ ಆ 'ದೇ' ಎರಡನೇ ಥರ ಕೂತಿದ್ದರೆ, ನಿಮ್ಮ ಫೋನಿನ ಕೀಲಿಮಣೆ ಮೊದಲನೇ ಥರ ಬರೆದರೆ, ಬರುವ ಉತ್ತರ: ಸೊನ್ನೆ ಫಲಿತಾಂಶ. ವಚನ ಅಲ್ಲೇ ಇದೆ, ಕಣ್ಣಿಗೂ ಕಾಣ್ತದೆ, ಹುಡುಕಿದರೆ ಸಿಗೋದಿಲ್ಲ.

ರಿಪೇರಿ ಏನು ದೊಡ್ಡದಲ್ಲ. ಹುಡುಕುವ ಮೊದಲು ಎರಡೂ ಕಡೆಯ ಪಠ್ಯವನ್ನ ಒಂದೇ ಅಚ್ಚಿಗೆ ತರಬೇಕು. ಇದಕ್ಕೆ ನಾರ್ಮಲೈಸೇಶನ್ ಅಂತಾರೆ, ಬಹಳ ಕಂಪ್ಯೂಟರ್ ಭಾಷೆಗಳಲ್ಲಿ ಒಂದು ಸಾಲಿನ ಕೆಲಸ. ಪ್ರಶ್ನೆ ಇರೋದು ಆ ಒಂದು ಸಾಲನ್ನ ಯಾರು ಬರೀತಾರೆ, ಯಾರು ಸರ್ವರಿಗೆ ಏರಿಸ್ತಾರೆ, ಮೂರು ವರ್ಷದ ನಂತರ ಅದು ಇನ್ನೂ ನಡೀತದಾ ಅಂತ ಯಾರು ನೋಡ್ತಾರೆ ಅನ್ನೋದರಲ್ಲಿ. ಕನ್ನಡದ ಮುಕ್ತ ತಂತ್ರಾಂಶ ಬಳಗಗಳಲ್ಲಿ ಈ 'ಯಾರು' ಅನ್ನೋದಕ್ಕೆ ಉತ್ತರ ಬಹಳ ಸಲ ಇಬ್ಬರೋ ಮೂವರೋ. ಅವರಿಗೂ ಹಗಲು ಬೇರೆ ನೌಕರಿ ಇರ್ತದೆ.

ವಚನಗಳ ಮೂರು ಮನೆ

ಕೂಡಲಸಂಗಮ ನಮ್ಮ ಹುನಗುಂದ ತಾಲ್ಲೂಕಿನದು. ಇಳಕಲ್ಲು, ಬಾದಾಮಿ, ಬಾಗಲಕೋಟೆ ಕಡೆಯವರಿಗೆ ಅದು ಶಾಲೆಯ ಟ್ರಿಪ್ಪಿಗೋ ಮನೆದೇವರಿಗೋ ಹೋಗಿಬಂದ ಊರು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪ ಮುಳುಗಬಾರದು ಅಂತ ಅದರ ಸುತ್ತ ಆಳದ ಬಾವಿಯ ಹಾಗೆ ಕಾಂಕ್ರೀಟ್ ಗೋಡೆ ಎಬ್ಬಿಸಿದ್ದಾರೆ. ಸೇತುವೆ ಮೇಲೆ ನಡೆದು, ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಮಂಟಪ ಉಳಿದದ್ದು ಅದು ಗಟ್ಟಿ ಇತ್ತು ಅಂತಷ್ಟೇ ಅಲ್ರಿ, ನೀರು ಏರೋದು ಗೊತ್ತಾದಾಗ ಸುತ್ತ ಗೋಡೆ ಕಟ್ಟಿದರು ಅಂತ.

ವಚನಗಳ ಪಠ್ಯವೂ ಹಿಂಗೇ ಮೂರು ಸಲ ಮನೆ ಬದಲಿಸಿದೆ. ತಾಳೆಗರಿಯಿಂದ ಅಚ್ಚಿಗೆ ತಂದ ದೊಡ್ಡ ಹೆಸರು ಫ.ಗು. ಹಳಕಟ್ಟಿಯವರದು. 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಬಂತು. ಮುಂದೆ ಅವರು ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಆಮೇಲೆ 1990ರ ದಶಕದಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯ ತಂದಿತು. ಮೂರನೇ ಮನೆ ಅಂತರ್ಜಾಲ. 'ಸಂಚಯ' ಅನ್ನೋ ಸಣ್ಣ ಬಳಗ 'ವಚನ ಸಂಚಯ' ಅಂತ ಒಂದು ತಾಣ ಕಟ್ಟಿತು. ಓಂಶಿವಪ್ರಕಾಶ್ ಮತ್ತು ಗೆಳೆಯರ ತಾಂತ್ರಿಕ ಕೆಲಸ, ಕತೆಗಾರ ವಸುಧೇಂದ್ರ ಮತ್ತು ವಿಮರ್ಶಕ ಓ.ಎಲ್. ನಾಗಭೂಷಣ ಸ್ವಾಮಿಯವರ ಬೆಂಬಲ. 200ಕ್ಕೂ ಹೆಚ್ಚು ವಚನಕಾರರ 20 ಸಾವಿರಕ್ಕೂ ಹೆಚ್ಚು ವಚನಗಳು. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿ ಬಂದಿದೆ ಅಂತ ತೋರಿಸುವ ವ್ಯವಸ್ಥೆ. ಪಿಎಚ್‌ಡಿ ಮಾಡೋರು ಹಿಂದೆ ತಿಂಗಳುಗಟ್ಟಲೆ ಚೀಟಿ ಬರೆದು ಮಾಡುತ್ತಿದ್ದ ಕೆಲಸ ಇದು.

ಇಂಥ ತಂತ್ರಾಂಶ ಅಂಗಡಿಯಲ್ಲಿ ಸಿಗೋದಿಲ್ಲ. ವಚನದ ಅಂಕಿತ, ವಚನಕಾರರ ಪಟ್ಟಿ, ಕನ್ನಡದ ಪದ ಒಡೆಯುವ ರೀತಿ, ಎಲ್ಲ ನಮ್ಮವೇ. ಹಾಗಾಗಿ ಕೈಯಾರೆ ಬರೆಯಬೇಕಾಗ್ತದೆ. ನಮ್ಮ ನಮ್ಮ ಕಂಪನಿಗಳಲ್ಲಿ ಇದಕ್ಕೆ 'ಇನ್‌ಹೌಸ್ ಟೂಲ್' ಅಂತೀವಿ. ಕಂಪನಿಯಲ್ಲಿ ಆ ಟೂಲಿಗೆ ಒಂದು ತಂಡ, ಒಂದು ಬಜೆಟ್, ಬೈಯೋಕೆ ಒಬ್ಬ ಮ್ಯಾನೇಜರ್ ಇರ್ತಾರೆ. ಸಮುದಾಯದಲ್ಲಿ ಇರೋದು ಒಂದು ವಾಟ್ಸ್ಆ್ಯಪ್ ಗುಂಪು ಮತ್ತು ಶನಿವಾರದ ರಾತ್ರಿ.

ಮಾಳಿಗಿ ಮ್ಯಾಲಿನ ಮಣ್ಣು

ನಮ್ಮ ಕಡೆ ಮಣ್ಣಿನ ಮಾಳಿಗಿ ಮನಿಗಳು ಇನ್ನೂ ಅದಾವ. ಮುಂಗಾರು ಹತ್ತೋದರೊಳಗ ಮಾಳಿಗಿ ಹತ್ತಿ ಮಣ್ಣು ಹಾಕಿ ತುಳಿದು ಮಟ್ಟ ಮಾಡಬೇಕು. ಒಂದು ವರ್ಷ ಬಿಟ್ರೆ ಮನಿ ಬೀಳೂದಿಲ್ಲ, ಒಂದು ಮೂಲಿ ಸೋರತದ. ಎರಡನೇ ವರ್ಷ ಜಂತಿ ನೆನೀತದ. ಕಟ್ಟಿದವರನ್ನ ಊರು ನೆನಪಿಡತದ, ಪ್ರತಿವರ್ಷ ಮಣ್ಣು ಹಾಕಿದವರ ಹೆಸರು ಯಾರಿಗೂ ಗೊತ್ತಿರೂದಿಲ್ಲ.

ತಂತ್ರಾಂಶ ಹೆಂಗ ಸೋರತದ ಅಂತ ಕೇಳಬಹುದು. ಒಮ್ಮೆ ಬರೆದ ಕೋಡ್ ತುಕ್ಕು ಹಿಡಿಯೋದಿಲ್ಲವಲ್ಲ? ಕೋಡ್ ಹಿಡಿಯೋದಿಲ್ಲ, ಅದರ ಸುತ್ತಲಿನ ಲೋಕ ಬದಲಾಗ್ತದೆ. ಪೈಥಾನ್ 2ಕ್ಕೆ 2020ರ ಜನವರಿ 1ರಂದು ಬೆಂಬಲ ನಿಂತಿತು. ಅದರಲ್ಲಿ ಬರೆದ ಸಾವಿರಾರು ಸಣ್ಣ ಸ್ಕ್ರಿಪ್ಟುಗಳನ್ನ ಯಾರೋ ಕೂತು ಪೈಥಾನ್ 3ಕ್ಕೆ ತಿದ್ದಬೇಕಾಯಿತು. ಕನ್ನಡದ ಸ್ಕ್ರಿಪ್ಟುಗಳಿಗೆ ಇದು ಇನ್ನಷ್ಟು ತಲೆನೋವು, ಯಾಕಂದ್ರೆ ಇವೆರಡೂ ಆವೃತ್ತಿಗಳ ನಡುವೆ ಬದಲಾದ ಮುಖ್ಯ ಸಂಗತಿಯೇ ಇಂಗ್ಲಿಷೇತರ ಅಕ್ಷರಗಳನ್ನ ನಡೆಸಿಕೊಳ್ಳುವ ರೀತಿ. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿಎಸ್ ಇಲ್ಲದ ಪ್ರತಿ ತಾಣಕ್ಕೂ 'ಸುರಕ್ಷಿತವಲ್ಲ' ಅಂತ ಹಣೆಪಟ್ಟಿ ಹಚ್ಚೋಕೆ ಶುರು ಮಾಡಿತು. ಪುಕ್ಕಟೆ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರದ ಆಯುಷ್ಯ 90 ದಿನ. ತಾನೇ ನವೀಕರಿಸಿಕೊಳ್ಳುವ ಹಾಗೆ ಇಟ್ಟಿರ್ತೀವಿ, ಒಂದಿನ ಅದು ಸುಮ್ಮನೆ ನಿಲ್ಲತದ. ಡೊಮೇನ್ ಹೆಸರಿಗೆ ವರ್ಷ ವರ್ಷ ದುಡ್ಡು. ಆ ನೆನಪೋಲೆ ಹೋಗೋದು ಯಾರೋ ಒಬ್ಬರ ಹಳೇ ಇಮೇಲಿಗೆ.

ನಮ್ಮ ಕೈಯಲ್ಲೇ ಇಲ್ಲದ ಸೋರಿಕೆಯೂ ಉಂಟು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ತಾಣದಲ್ಲಿ ಸಾವಿರಾರು ಕನ್ನಡ ಪುಸ್ತಕಗಳಿದ್ದವು. ಆದರೆ ಪುಸ್ತಕದ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಹೆಂಗೆಂಗೋ ಬರೆದದ್ದು. ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಸಂಚಯ ಬಳಗ ಜನರಿಂದಲೇ ಆ ಹೆಸರುಗಳನ್ನ ಕನ್ನಡಕ್ಕೆ ತರಿಸಿ 'ಪುಸ್ತಕ ಸಂಚಯ' ಮಾಡಿತು. 2017ರ ಹೊತ್ತಿಗೆ ಆ ಮೂಲ ತಾಣವೇ ಮುಚ್ಚಿತು. ಅದನ್ನ ನಂಬಿ ಯಾರು ಯಾರು ಕೊಂಡಿ ಕೊಟ್ಟಿದ್ದರೋ ಎಲ್ಲರ ಕೊಂಡಿಯೂ ಸತ್ತವು. ಪುಣ್ಯಕ್ಕೆ ಬಹುಪಾಲು ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ಗೆ ಬಂದು ಉಳಿದವು. ನಿಮ್ಮ ಕೋಡಿನಲ್ಲಿ ಒಂದೇ ಒಂದು ತಪ್ಪಿಲ್ಲದೆಯೂ ನಿಮ್ಮ ತಂತ್ರಾಂಶ ಕೆಲಸ ನಿಲ್ಲಿಸಬಹುದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

(ಬಾದಾಮಿಯ ಬಂಡೆಗಲ್ಲಿನ ಮೇಲೆ ಕಪ್ಪೆ ಅರಭಟ್ಟನ ಶಾಸನ ಸುಮಾರು 1300 ವರ್ಷದಿಂದ ಸರ್ವರ್ ಇಲ್ಲದೆ ನಡೀತಾ ಇದೆ. ಹುಡುಕಾಟದ ಸೌಲಭ್ಯ ಮಾತ್ರ ಇಲ್ಲ.)

ಅಕ್ಕಿಯಲ್ಲಿ ಕಲ್ಲು

ಇನ್ನು ಆ 'ದೇ' ಎರಡನೇ ಥರ ಹೆಂಗೆ ಹುಟ್ಟಿತು? ಇದಕ್ಕೆ ಡಿಟಿಪಿ ಅಂಗಡಿಗೆ ಹೋಗಬೇಕು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ 128 ಮನೆಗಳ ಜಾಗ ಸಿಕ್ಕಿತ್ತು. ಆದರೆ ನಮ್ಮ ಪ್ರೆಸ್ಸು, ಕಚೇರಿ, ಪತ್ರಿಕೆ ಓಡಿದ್ದು ಬೇರೆ ದಾರಿಯಲ್ಲಿ. ಬರಹ, ನುಡಿಯಂಥ ತಂತ್ರಾಂಶಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂಡಿಸಿ ಕೆಲಸ ನಡೆಸಿದವು. ಜನರ ಬಾಯಲ್ಲಿ ಇದು 'ಆಸ್ಕಿ' ಕನ್ನಡ. ಬಯ್ಯೋ ಹಾಗಿಲ್ಲ. ಆಗಿನ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇರಲಿಲ್ಲ, ಮದುವೆ ಕಾರ್ಡು ನಾಳೆಗೇ ಬೇಕಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆಗೆದರೆ ಮಾತ್ರ ಕನ್ನಡದ ಬದಲು ತಲೆ ಮೇಲೆ ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಇಪ್ಪತ್ತು ವರ್ಷ ಹೀಗೆ ಟೈಪ್ ಆದ ಪುಸ್ತಕ, ಅಭಿನಂದನ ಗ್ರಂಥ, ಊರಿನ ಇತಿಹಾಸ, ಕಚೇರಿ ಕಡತ ಎಷ್ಟಿವೆಯೋ ಲೆಕ್ಕವಿಲ್ಲ.

ಅವನ್ನ ಯೂನಿಕೋಡಿಗೆ ತರಬೇಕಂದ್ರೆ ಪರಿವರ್ತಕ ಬೇಕು. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಆಗೋ ಕೆಲಸ ಅಲ್ಲ ಇದು. 'ಅಕ್ಕಿ' ತಗೊಳ್ಳಿ. ಆಸ್ಕಿಯಲ್ಲಿ ಇದು ಕಾಣುವ ಕ್ರಮದಲ್ಲಿ ಇರ್ತದೆ: ಅ, ಕಿ, ಕೆಳಗಿನ ಒತ್ತಕ್ಷರ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಅ, ಕ, ವಿರಾಮ, ಕ, ಕೊನೆಗೆ ಗುಡಿಸು. ಅಂದ್ರೆ ಗುಡಿಸನ್ನ ಕಿತ್ತು ಒತ್ತಕ್ಷರದ ಆಚೆ ಇಡಬೇಕು. 'ಧರ್ಮ'ದಲ್ಲಿ ಅರ್ಕಾವತ್ತು ಕಾಣೋದು 'ಮ' ಆದಮೇಲೆ, ಇರಬೇಕಾದದ್ದು 'ಮ'ಕ್ಕಿಂತ ಮೊದಲು. ಅದನ್ನ ಹಿಂದಕ್ಕೆ ಎಳೀಬೇಕು. ಇನ್ನು 'ದೇ'. ಆಸ್ಕಿಯಲ್ಲಿ ದೀರ್ಘದ ಗುರುತು ಬೇರೆಯೇ ಚೂರು. ಪರಿವರ್ತಕ ಬರೆದವರು ಅದನ್ನ ಹಾಗೇ ತಂದಿಟ್ಟರೆ ಶುರುವಿನಲ್ಲಿ ಹೇಳಿದ ಎರಡನೇ ಥರದ 'ದೇ' ಹುಟ್ಟಿತು ಅಂತ ಲೆಕ್ಕ.

ನಾರ್ಮಲೈಸೇಶನ್ನಿಗೂ ಬಗ್ಗದ ಕಲ್ಲು ಇನ್ನೊಂದಿದೆ: 'ರ‍್ಯಾಂಕ್'. 'ರ'ಕ್ಕೆ ಯ ಒತ್ತು ಬರಬೇಕು, ಅರ್ಕಾವತ್ತು ಆಗಬಾರದು. ಅದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ನಡುವೆ ಇಡಬೇಕು. ಮಾನದಂಡ ಹೇಳೋದು 'ರ' ಆದ ಕೂಡಲೇ ಇಡಿ ಅಂತ. ವಿರಾಮ ಆದಮೇಲೆ ಇಟ್ಟು ಬರೆದ ಪಠ್ಯವೂ ಜಾಲದಲ್ಲಿ ಬೇಕಾದಷ್ಟಿದೆ. ಇವೆರಡನ್ನೂ ಒಂದೇ ಅಂತ ತಿಳಿಯುವ ಕೋಡನ್ನ ಅಮೆರಿಕದ ಕಂಪನಿ ತಾನಾಗಿ ಬರೆಯೋದು ಅನುಮಾನ. ಇದು ನಮ್ಮ ಮನೆಯ ಕೆಲಸವೇ.

ಅರವಿಂದ ವಿ.ಕೆ. ಅನ್ನೋ ಎಂಜಿನಿಯರ್ ಆಸ್ಕಿ ಕನ್ನಡವನ್ನ ಯೂನಿಕೋಡಿಗೆ ತರುವ ಪರಿವರ್ತಕ ಬರೆದು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಬಿಟ್ಟರು. ಅದು ಬಹಳ ಕಡೆ ಬಳಕೆಯಾಯಿತು. ತೆರೆದು ಓದಿದರೆ ಮೇಲೆ ಹೇಳಿದ ಒತ್ತು, ಅರ್ಕಾವತ್ತುಗಳ ಅದಲುಬದಲೆಲ್ಲ ಕಾಣ್ತದೆ. ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಹುಡುಗಿಯರಿಗೆ ನನ್ನ ಪ್ರಕಾರ ಇದು ಒಳ್ಳೇ ಪಾಠ, ನಮ್ಮ ಕಾಲೇಜಿನ ಲ್ಯಾಬ್ ಮ್ಯಾನ್ಯುಯಲ್‌ಗಿಂತ ಎಷ್ಟೋ ವಾಸಿ.

ಒಂದು ನಗು ಬರುವ ವಿಷಯ ಇಲ್ಲೇ ಹೇಳಿಬಿಡ್ತೀನಿ. ಹಳಗನ್ನಡ ಶಾಸನಗಳ 'ೞ' ಇದೆಯಲ್ಲ, ಯೂನಿಕೋಡಿನಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಲೆಟರ್ ಎಫ್‌ಎ'. ಯಾವಾಗಲೋ ಆದ ತಪ್ಪು. ಒಮ್ಮೆ ಇಟ್ಟ ಹೆಸರು ಎಂದೂ ಬದಲಾಗಬಾರದು ಅನ್ನೋದು ಅವರ ನಿಯಮ, ಹಾಗಾಗಿ ಪಕ್ಕದಲ್ಲಿ ತಿದ್ದುಪಡಿಯ ಇನ್ನೊಂದು ಹೆಸರು ಕೊಟ್ಟು ಸುಮ್ಮನಾದರು.

ದೊಡ್ಡ ಮನೆಗೆ ಕೊಟ್ಟದ್ದು ಉಳಿಯಿತು

ಕೈ ಕಮ್ಮಿ ಇದ್ದಾಗ ಯಾವುದನ್ನ ನಾವೇ ಇಟ್ಟುಕೊಳ್ಳಬೇಕು, ಯಾವುದನ್ನ ಬಿಟ್ಟುಕೊಡಬೇಕು? ಇದರ ಮೇಲೆ ಬಳಗಗಳಲ್ಲಿ ಜಗಳ ಆಗೋದುಂಟು. ನನ್ನ ಉತ್ತರ ಸರಳ: ನಮ್ಮದಲ್ಲದೆ ಬೇರೆ ಯಾರೂ ಮಾಡಲಾರದ್ದನ್ನ ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಿ, ಉಳಿದದ್ದನ್ನ ದೊಡ್ಡ ಮನೆಗೆ ಸೇರಿಸಿ.

ಕೀಲಿಮಣೆಯ ಕತೆ ನೋಡಿ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು, ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ 'ಕಗಪ' ಅಂತ ಬಳಕೆಯಾದ ಕೀಲಿಮಣೆ ನುಡಿಯಲ್ಲಿ ಟೈಪ್ ಮಾಡಿದ ಎಲ್ಲರಿಗೂ ಗೊತ್ತು. ಇವತ್ತು ಯಾವುದೇ ಲಿನಕ್ಸ್ ಹಾಕಿಕೊಂಡರೂ ಭಾಷೆಯ ಸೆಟ್ಟಿಂಗಿನಲ್ಲಿ 'ಕನ್ನಡ ಕಗಪ' ಸಿಗ್ತದೆ, ಬೇರೇನೂ ಇಳಿಸಿಕೊಳ್ಳೋದು ಬೇಡ. ಯಾಕಂದ್ರೆ ಯಾರೋ ಅದನ್ನ ಲಿನಕ್ಸಿನ ಕೇಂದ್ರ ಕೀಲಿಮಣೆ ಸಂಗ್ರಹಕ್ಕೆ ಸೇರಿಸಿದರು. ಅಲ್ಲಿಂದ ಮುಂದೆ ಅದನ್ನ ಪ್ರತಿ ಆವೃತ್ತಿಗೂ ಹೊತ್ತೊಯ್ಯೋದು ಆ ಸಂಗ್ರಹದವರ ಕೆಲಸ. ವಿಕಿಪೀಡಿಯದಲ್ಲಿ ಕನ್ನಡ ಟೈಪ್ ಮಾಡುವ ಸೌಲಭ್ಯದಲ್ಲೂ ಇದೇ ವಿನ್ಯಾಸ ಇದೆ.

ಅಕ್ಷರಶೈಲಿಗಳದ್ದೂ ಹಾಗೇ. ಅರವಿಂದ ಅವರೇ ಮಾಡಿದ 'ಗುಬ್ಬಿ' ಮತ್ತು ಕೈಬರಹದ ಹಾಗಿರುವ 'ನವಿಲು' ಫಾಂಟುಗಳು ಡೆಬಿಯನ್ ಲಿನಕ್ಸಿನ ಪ್ಯಾಕೇಜುಗಳಾಗಿ ಸೇರಿವೆ. ಡೆಬಿಯನ್ನಿಗೆ ಸೇರಿತು ಅಂದ್ರೆ ಅದರ ಮೇಲೆ ನಿಂತ ಉಬುಂಟುವಿಗೂ ಹೋಗ್ತದೆ. ಫಾಂಟ್ ಮಾಡಿದವರ ಸ್ವಂತ ತಾಣ ನಾಳೆ ಇರಲಿ ಬಿಡಲಿ, ಫಾಂಟ್ ಇರ್ತದೆ. ಅಕ್ಷರಗಳನ್ನ ಜೋಡಿಸಿ ಸ್ಕ್ರೀನಿಗೆ ತರುವ ಕೆಲಸವನ್ನ ಒಂದು ಕಾಲಕ್ಕೆ ಒಂದೊಂದು ತಂತ್ರಾಂಶ ಒಂದೊಂದು ಥರ ಮಾಡುತ್ತಿತ್ತು. ಒಂದರಲ್ಲಿ ಒತ್ತಕ್ಷರ ಸರಿ, ಇನ್ನೊಂದರಲ್ಲಿ ಗೋವಿಂದ. ಈಗ ಫೈರ್‌ಫಾಕ್ಸ್, ಕ್ರೋಮ್, ಆ್ಯಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಹಾರ್ಫ್‌ಬಜ್ ಅನ್ನೋ ಒಂದೇ ಗ್ರಂಥಾಲಯ ಬಳಸ್ತವೆ. ಅಲ್ಲಿ ಒಂದು ಕನ್ನಡದ ತಪ್ಪು ತಿದ್ದಿಸಿದರೆ ಎಲ್ಲ ಕಡೆಗೂ ತಿದ್ದಿದ ಹಾಗೆ.

ನನಗೆ ಬಹಳ ಇಷ್ಟವಾದದ್ದು 'ಅಲರ್' ನಿಘಂಟಿನ ರೀತಿ. ವಿ. ಕೃಷ್ಣ ಅನ್ನೋರು ದಶಕಗಳ ಕಾಲ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಸುಮಾರು ಒಂದೂವರೆ ಲಕ್ಷ ಪದಗಳು. 2019ರಲ್ಲಿ ಅದು ಮುಕ್ತ ಪರವಾನಗಿಯಡಿ ಜಾಲಕ್ಕೆ ಬಂತು. ಅದನ್ನ ನಡೆಸುವ ತಂತ್ರಾಂಶ ಕೈಲಾಶ್ ನಾಧ್ ಅವರದ್ದು, ಅದರ ಹೆಸರು 'ಡಿಕ್ಟ್‌ಪ್ರೆಸ್'. ಇದೇ ತಂತ್ರಾಂಶ ಮಲಯಾಳಂನ 'ಓಳಂ' ನಿಘಂಟನ್ನೂ ನಡೆಸ್ತದೆ. ಎರಡು ಭಾಷೆಗೆ ಒಂದೇ ಎಂಜಿನ್ನು. ಒಂದು ಭಾಷೆಗೆ ಮಾಡಿದ ರಿಪೇರಿ ಇನ್ನೊಂದಕ್ಕೆ ಪುಕ್ಕಟೆ. ಕನ್ನಡಕ್ಕೆ ಮಾತ್ರ ಬೇಕಾದದ್ದು, ಅಂದ್ರೆ ತಪ್ಪಾಗಿ ಬರೆದರೂ ಉಚ್ಚಾರದ ಮೇಲೆ ಪದ ಹಿಡಿಯುವ ಜಾಣತನ, ಬೇರೆ ಸಣ್ಣ ತುಂಡಾಗಿದೆ. ಪದಗಳ ದತ್ತಾಂಶ ಇನ್ನೂ ಬೇರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾಳೆ ಆ ತಾಣ ಮುಚ್ಚಿದರೂ ಕೃಷ್ಣ ಅವರ ಆಯುಷ್ಯದ ಕೆಲಸ ಮುಚ್ಚೋದಿಲ್ಲ.

ಸಣ್ಣ ಬಳಗ ಏನೇ ಕಟ್ಟಲಿ, ಇಷ್ಟು ಮಾತ್ರ ಮೊದಲ ದಿನವೇ ಆಗಬೇಕು ಅಂತ ನನ್ನ ಹಟ. ತಂತ್ರಾಂಶ ಬೇರೆ, ದತ್ತಾಂಶ ಬೇರೆ. ದತ್ತಾಂಶ ಸಾದಾ ಪಠ್ಯದ ಫೈಲಾಗಿ, ಯೂನಿಕೋಡಿನಲ್ಲಿ, ಒಂದಕ್ಕಿಂತ ಹೆಚ್ಚು ಕಡೆ ಇರಲಿ. ಕೂಡಲಸಂಗಮದಲ್ಲಿ ಗೋಡೆ ಕಟ್ಟಿದ್ದು ಮಂಟಪದ ಸುತ್ತ. ಇಡೀ ಊರಿನ ಸುತ್ತ ಕಟ್ಟೋಕೆ ಹೊರಟಿದ್ದರೆ ಎರಡೂ ಉಳೀತಿರಲಿಲ್ಲ.

ಉಳ್ಳವರ ಪಾಡೂ ಇಷ್ಟೇ

ಇದು ಬಡ ಭಾಷೆಯ ಗೋಳು ಅಂತ ತಿಳೀಬೇಡಿ. ಫೆಡೋರಾ ಲಿನಕ್ಸ್ ಬಳಗದ ಬೆನ್ನಿಗೆ ರೆಡ್‌ಹ್ಯಾಟ್‌ನಂಥ ಕಂಪನಿ ಇದೆ. ಅವರು ತಮ್ಮ ಕೋಡ್ ಇಟ್ಟುಕೊಳ್ಳೋಕೆ 'ಪಗೂರ್' ಅನ್ನೋ ಸ್ವಂತ ತಂತ್ರಾಂಶ ಬರೆದುಕೊಂಡಿದ್ದರು. ಗಿಟ್‌ಹಬ್ ಥರದ್ದು, ಆದರೆ ತಮ್ಮ ಅಳತೆಗೆ ಹೊಲಿಸಿದ್ದು. ಕೆಲವೇ ವರ್ಷದಲ್ಲಿ ಅದನ್ನ ಕಾಯೋ ಕೈಗಳು ಕಮ್ಮಿಯಾದವು. 2024ರ ಡಿಸೆಂಬರಿನಲ್ಲಿ, ಬೇರೆ ಸಮುದಾಯ ನಡೆಸುವ 'ಫೋರ್ಜೇಯೋ'ಗೆ ಹೋಗೋದು ಅಂತ ತೀರ್ಮಾನ ಮಾಡಿದರು. ಗ್ನೋಮ್ 2018ರಲ್ಲಿ, ಕೆಡಿಇ 2020ರಲ್ಲಿ ತಮ್ಮ ಹಳೇ ವ್ಯವಸ್ಥೆ ಬಿಟ್ಟು ಗಿಟ್‌ಲ್ಯಾಬ್‌ಗೆ ಹೋದವು.

ವಿಕಿಪೀಡಿಯದ ಮಾತು ಇನ್ನೂ ಸ್ವಾರಸ್ಯ. ಲೇಖನಗಳಲ್ಲಿ ನಕ್ಷೆ, ಗ್ರಾಫ್ ತೋರಿಸುವ ಒಂದು ಸೌಲಭ್ಯ ಇತ್ತು. ಅದರ ಒಳಗಿನ ಹಳೇ ಗ್ರಂಥಾಲಯದಲ್ಲಿ ಭದ್ರತೆಯ ತೂತು ಇದೆ ಅಂತ 2023ರ ಏಪ್ರಿಲ್‌ನಲ್ಲಿ ಎಲ್ಲ ಭಾಷೆಯ ವಿಕಿಗಳಲ್ಲೂ ಒಂದೇ ಏಟಿಗೆ ಬಂದ್ ಮಾಡಿದರು, ಕನ್ನಡವೂ ಸೇರಿ. ವರ್ಷಗಳ ಕಾಲ ಯಾರೂ ಮಾಳಿಗಿಗೆ ಮಣ್ಣು ಹಾಕಿರಲಿಲ್ಲ. ಬದಲಿ ವ್ಯವಸ್ಥೆ ಬರೋಕೆ ಒಂದೂವರೆ ವರ್ಷದ ಮೇಲಾಯಿತು. ಅವರಿಗೆ ದುಡ್ಡಿಗೇನು ಬರ ಇಲ್ಲ ನೋಡ್ರಿ.

ಹಾಗಂತ ಮನೆಯಲ್ಲಿ ಮಾಡಿದ್ದೆಲ್ಲ ಬಿದ್ದೇ ಹೋಗ್ತದೆ ಅಂತಲೂ ಅಲ್ಲ. ಡೆಬಿಯನ್ ಬಳಗ ತಪ್ಪುಗಳ ವರದಿ ಇಟ್ಟುಕೊಳ್ಳೋಕೆ ಬಳಸುವ 'ಡೆಬ್‌ಬಗ್ಸ್' ಅನ್ನೋದನ್ನ ಇಯಾನ್ ಜಾಕ್ಸನ್ 1994ರಲ್ಲಿ ಪರ್ಲ್ ಭಾಷೆಯಲ್ಲಿ ಬರೆದರು. ಇವತ್ತಿಗೂ ನಡೀತಿದೆ. ದಾಖಲಾದ ವರದಿಗಳ ಸಂಖ್ಯೆ 10 ಲಕ್ಷ ದಾಟಿದೆ. ನೋಡೋಕೆ ಅಜ್ಜನ ಕಾಲದ್ದು. ವರದಿ ಮಾಡೋದೂ ಮುಚ್ಚೋದೂ ಇಮೇಲಿನಲ್ಲೇ, ಲಾಗಿನ್ ಇಲ್ಲ. ಅದು ಉಳಿದದ್ದು ಅದಕ್ಕೇ ಅಂತ ನನಗೆ ಅನ್ನಿಸ್ತದೆ. ಇಮೇಲ್ ಬದಲಾಗಲಿಲ್ಲ, ಹಾಗಾಗಿ ಅದರ ಮೇಲೆ ನಿಂತದ್ದೂ ಅಲುಗಾಡಲಿಲ್ಲ. ಹೊಸ ಹೊಸ ಜಾವಾಸ್ಕ್ರಿಪ್ಟ್ ಚೌಕಟ್ಟು ನೋಡಿ ಮರುಳಾಗುವ ನಮ್ಮ ಪೀಳಿಗೆ ಇದನ್ನ ಒಮ್ಮೆ ನೋಡಬೇಕು.

ಮದುವೆ ಫ್ಯಾಕ್ಟರ್

ಸಾಫ್ಟ್‌ವೇರ್ ಮಂದಿ 'ಬಸ್ ಫ್ಯಾಕ್ಟರ್' ಅಂತ ಒಂದು ಮಾತು ಆಡ್ತಾರೆ. ಎಷ್ಟು ಜನ ಬಸ್ಸಿನಡಿ ಬಿದ್ದರೆ ಯೋಜನೆ ನಿಲ್ಲತದ ಅನ್ನೋ ಲೆಕ್ಕ. ಕನ್ನಡದ ಬಹಳ ತಂತ್ರಾಂಶಗಳಿಗೆ ಆ ಸಂಖ್ಯೆ ಒಂದು. ನಮ್ಮಲ್ಲಿ ಅದಕ್ಕೆ ಬಸ್ಸೇ ಬೇಕಾಗಿಲ್ಲ. ಮದುವೆ ಸಾಕು, ಮಗು ಸಾಕು, ಜರ್ಮನಿಗೆ ಆನ್‌ಸೈಟ್ ಸಾಕು. ಪಾಸ್‌ವರ್ಡ್ ಒಬ್ಬರ ಹತ್ತಿರ, ಸರ್ವರಿನ ಬಿಲ್ಲು ಒಬ್ಬರ ಕಾರ್ಡಿಗೆ.

ಈ ಒಬ್ಬಂಟಿತನ ಎಷ್ಟು ಅಪಾಯ ಅನ್ನೋದು 2024ರ ಮಾರ್ಚಿನಲ್ಲಿ ಜಗತ್ತಿಗೇ ಗೊತ್ತಾಯಿತು. ಲಿನಕ್ಸಿನಲ್ಲಿ ಎಲ್ಲೆಡೆ ಇರುವ 'ಎಕ್ಸ್‌ಝಡ್' ಅನ್ನೋ ಫೈಲ್ ಕುಗ್ಗಿಸುವ ತಂತ್ರಾಂಶವನ್ನ ಫಿನ್‌ಲ್ಯಾಂಡಿನ ಲಾಸೆ ಕೊಲಿನ್ ವರ್ಷಗಟ್ಟಲೆ ಹೆಚ್ಚುಕಮ್ಮಿ ಒಬ್ಬರೇ ನೋಡಿಕೊಂಡಿದ್ದರು, ಸಂಬಳವಿಲ್ಲದೆ. ತಮ್ಮ ಮಾನಸಿಕ ಆರೋಗ್ಯ ಸರಿ ಇಲ್ಲ ಅಂತಲೂ ಬರೆದಿದ್ದರು. ನಿಧಾನ ಆಯ್ತು, ಬೇರೆಯವರಿಗೆ ಬಿಟ್ಟುಕೊಡು ಅಂತ ಕೆಲವರು ಒತ್ತಾಯ ಶುರು ಮಾಡಿದರು. ಸಹಾಯಕ್ಕೆ ಬಂದ 'ಜಿಯಾ ಟಾನ್' ಅನ್ನೋ ಹೆಸರಿನ ವ್ಯಕ್ತಿ ಎರಡು ವರ್ಷ ಒಳ್ಳೆಯವನಾಗಿ ಕೆಲಸ ಮಾಡಿ, ಕೊನೆಗೆ ಒಳಗೆ ಕಳ್ಳಬಾಗಿಲು ಇಟ್ಟ. ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಆಂಡ್ರೆಸ್ ಫ್ರೂಂಡ್ ಅನ್ನೋ ಎಂಜಿನಿಯರ್ ಕೆದಕಿದ್ದರಿಂದ ಅದು ಬಯಲಾಯಿತು. ಕನ್ನಡದ ಸಣ್ಣ ತಂತ್ರಾಂಶಕ್ಕೆ ಯಾರೂ ಇಷ್ಟು ಕಷ್ಟಪಟ್ಟು ಕನ್ನ ಹಾಕಲಿಕ್ಕಿಲ್ಲ. ಆದರೆ ದಣಿದ ಒಬ್ಬ ವ್ಯಕ್ತಿಯ ಮೇಲೆ 'ಯಾಕ್ರೀ ಇನ್ನೂ ಸರಿ ಮಾಡಿಲ್ಲ' ಅಂತ ಸಿಡುಕೋದು ನಮ್ಮಲ್ಲೂ ಚೆನ್ನಾಗಿ ನಡೀತದೆ.

ದುಡ್ಡಿನ ದಾರಿ ಸ್ವಲ್ಪ ತೆರೀತಿದೆ. ಝೆರೋಧಾ ಕಂಪನಿ 2024ರ ಅಕ್ಟೋಬರಿನಲ್ಲಿ 'ಫ್ಲಾಸ್ ಫಂಡ್' ಅಂತ ಶುರು ಮಾಡಿ, ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಎತ್ತಿಟ್ಟಿದೆ. ಕನ್ನಡದ ಸಣ್ಣ ಕೆಲಸಗಳಿಗೆ ಅಷ್ಟೆಲ್ಲ ಬೇಕಾಗಿಲ್ಲ. ಬಹಳ ಸಲ ಬೇಕಾಗೋದು ಸರ್ವರಿನ ತಿಂಗಳ ಬಿಲ್ಲು ಮತ್ತು ಎರಡನೇ ಜೊತೆ ಕೈ.

ಆ ಎರಡನೇ ಜೊತೆ ಕೈ ನಿಮ್ಮದಾಗಬಹುದು, ಅದಕ್ಕೆ ಕೋಡ್ ಬರೆಯಲೇಬೇಕು ಅಂತಿಲ್ಲ. ಹೊಸ ತಾಣ ಕಟ್ಟುವ ಉಮೇದನ್ನ ಸ್ವಲ್ಪ ಹಿಡಿದಿಟ್ಟು, ಇರೋದರಲ್ಲಿ ಒಂದನ್ನ ಆರಿಸಿಕೊಳ್ಳಿ. ಹುಡುಕಿದ ಪದ ಸಿಗಲಿಲ್ಲವಾ? 'ಕೆಲಸ ಮಾಡ್ತಿಲ್ಲ' ಅಂತ ಬರೆದು ಬಿಡಬೇಡಿ. ಯಾವ ಪದ, ಯಾವ ಫೋನು, ಯಾವ ಕೀಲಿಮಣೆ, ಏನು ಬರಬೇಕಿತ್ತು, ಏನು ಬಂತು ಅಂತ ನಾಲ್ಕು ಸಾಲು ಬರೆದು ಕಳಿಸಿ. ಶನಿವಾರ ರಾತ್ರಿ ಕೂತವರಿಗೆ ಅದು ಎರಡು ಗಂಟೆ ಉಳಿಸ್ತದೆ. ಗಿಟ್‌ಹಬ್‌ನಲ್ಲಿ ಬೇರೆಯವರು ಬರೆದಿಟ್ಟ ದೂರನ್ನ ನಿಮ್ಮ ಫೋನಿನಲ್ಲಿ ಮಾಡಿ ನೋಡಿ, 'ನನಗೂ ಹೀಗೇ ಆಗ್ತದೆ' ಅಂತ ಖಚಿತ ಮಾಡೋದೂ ಕೆಲಸವೇ. ಕೋಡ್ ಬರೋರು ಪರೀಕ್ಷೆಗಳನ್ನ ಬರೆಯಿರಿ. 'ಅಕ್ಕಿ', 'ಧರ್ಮ', 'ದೇವ', 'ರ‍್ಯಾಂಕ್' ಈ ನಾಲ್ಕು ಪದ ಪರಿವರ್ತಕಕ್ಕೆ ಕೊಟ್ಟರೆ ಏನು ಬರಬೇಕು ಅಂತ ಬರೆದಿಟ್ಟರೆ, ಮುಂದೆ ಕೈಹಾಕುವವರು ಹೆದರದೆ ಕೈಹಾಕಬಹುದು.

ಈಗಾಗಲೇ ಒಂದನ್ನ ನಡೆಸ್ತಿರೋರು ಒಂದು ಪುಟ ಬರೆದಿಡಲಿ. ಸರ್ವರ್ ಎಲ್ಲಿದೆ, ಡೊಮೇನ್ ಯಾರ ಹೆಸರಲ್ಲಿದೆ, ಬ್ಯಾಕಪ್ ಎಲ್ಲಿದೆ, ನಾನು ಆರು ತಿಂಗಳು ಉತ್ತರ ಕೊಡದಿದ್ದರೆ ಯಾರು ತಗೋಬಹುದು. ವಿಕಿಮೀಡಿಯದ ಟೂಲ್‌ಫೋರ್ಜ್‌ನಲ್ಲಿ ಇದಕ್ಕೆ ನಿಯಮವೇ ಇದೆ. ಅಲ್ಲಿ ಇಟ್ಟ ತಂತ್ರಾಂಶ ಮುಕ್ತ ಪರವಾನಗಿಯಲ್ಲೇ ಇರಬೇಕು, ಮಾಡಿದವರು ಕೈಬಿಟ್ಟರೆ ಇನ್ನೊಬ್ಬರು ಅರ್ಜಿ ಹಾಕಿ ದತ್ತು ತಗೋಬಹುದು. ಇದರಲ್ಲಿ ಯಾರಿಗೂ ಅವಮಾನ ಇಲ್ಲ. ಕನ್ನಡದ ಎಲ್ಲ ಮುಕ್ತ ತಂತ್ರಾಂಶಗಳಿಗೂ ಇಂಥದ್ದೊಂದು ಪಟ್ಟಿ ಒಂದೇ ಕಡೆ ಇರಬೇಕು: ಹೆಸರು, ನೋಡಿಕೊಳ್ಳುವವರು, ದತ್ತು ಬೇಕೋ ಬೇಡವೋ. ಮೊದಲ ಸಾಲಿನಲ್ಲಿ ಆಸ್ಕಿ ಪರಿವರ್ತಕಗಳು ಬರಲಿ ಅಂತ ನನ್ನ ಆಸೆ. ನಮ್ಮ ಕಡೆ ಪ್ರೆಸ್ಸುಗಳ ಹಳೇ ಹಾರ್ಡ್‌ಡಿಸ್ಕುಗಳಲ್ಲಿ ಊರೂರಿನ ಪುಸ್ತಕಗಳು ಇನ್ನೂ ಟೊಪ್ಪಿಗೆ ಹಾಕಿಕೊಂಡೇ ಕೂತಿವೆ, ಆ ಡಿಸ್ಕುಗಳಿಗೂ ವಯಸ್ಸಾಗ್ತಿದೆ.